ಮೊದಲ ಚೀಟಿಯಲ್ಲೇ ಕೊನೆಯ ಮಾತ್ರೆ



ಕೊಡಗಿನ ಸುಂಟಿಕೊಪ್ಪದ ಈ ಸಭೆಯ ಮುಂದೆ ಒಂದೇ ವಿಚಾರ ಇಡುತ್ತೇನೆ. ಪ್ಯಾನಿಕ್ ಕಾಯಿಲೆಗೆ ಕ್ಲೊನಜೆಪಾಂ, ಡಯಾಜೆಪಾಂನಂಥ ದೀರ್ಘಾವಧಿಯ ಮಾತ್ರೆ ಬರೆಯುವವರು ಅದನ್ನು ಎಂದು, ಹೇಗೆ ನಿಲ್ಲಿಸಬೇಕೆಂಬುದನ್ನೂ ಮೊದಲ ಚೀಟಿಯಲ್ಲೇ ಬರೆಯಬೇಕು. ಹಾಗೆ ಬರೆಯಲು ಆಗದಿದ್ದರೆ ಆ ಮಾತ್ರೆಯನ್ನು ಆರಂಭಿಸಲೇಬಾರದು.

ದೀರ್ಘಾವಧಿಯ ಮಾತ್ರೆ ಹೆಚ್ಚು ಸುರಕ್ಷಿತ ಎಂಬ ಮಾತು ಅರ್ಧ ನಿಜ. ಅಲ್ಪಾವಧಿಯ ಆಲ್ಪ್ರಜೋಲಾಂ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 11 ಗಂಟೆ ಸಾಕು. ಕ್ಲೊನಜೆಪಾಂಗೆ 30ರಿಂದ 40 ಗಂಟೆ ಬೇಕು. ಆದ್ದರಿಂದಲೇ ಎರಡು ಮಾತ್ರೆಗಳ ನಡುವೆ ಗಾಬರಿ ತಲೆ ಎತ್ತುವುದು ಕಡಿಮೆ, ಬಿಡಿಸುವುದೂ ಸ್ವಲ್ಪ ಸುಲಭ. ಆದರೆ ಅದೇ ಗುಣದಿಂದ ಮದ್ದು ಮೈಯಲ್ಲಿ ಶೇಖರವಾಗುತ್ತಾ ಹೋಗುತ್ತದೆ. ಈ ಸೋಮವಾರ ಶುರು ಮಾಡಿದ ಪ್ರಮಾಣ ತನ್ನ ಪೂರ್ಣ ಮಟ್ಟ ಮುಟ್ಟುವುದು ಮುಂದಿನ ಸೋಮವಾರದ ಹೊತ್ತಿಗೆ. ಮೂರನೆಯ ದಿನವೇ ‘ಸಾಲದು ಡಾಕ್ಟ್ರೇ’ ಎಂದವರಿಗೆ ಪ್ರಮಾಣ ಏರಿಸಿದರೆ ಅದರ ತೂಕಡಿಕೆ ಎರಡನೆಯ ವಾರ ಕಾಡುತ್ತದೆ. ಏಣಿ ಹತ್ತಿ ಮರಗಸಿ ಮಾಡುವವರಿಗೆ, ಘಾಟಿ ತಿರುವುಗಳಲ್ಲಿ ಜೀಪು ಓಡಿಸುವವರಿಗೆ, ಆನೆ ಸುಳಿದಾಡುವ ತೋಟದ ದಾರಿಯಲ್ಲಿ ಬೆಳ್ಳಂಬೆಳಗ್ಗೆ ಕೆಲಸಕ್ಕೆ ಹೊರಡುವವರಿಗೆ ಅದು ಸಣ್ಣ ತೊಂದರೆಯಲ್ಲ. ವಯಸ್ಸಾದವರು ಜಾರಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಸಂಜೆಯ ಮದ್ಯ ಜೊತೆಗೂಡಿದರೆ ಉಸಿರಾಟವೇ ಕುಗ್ಗಬಹುದು. ಹೀಗಾಗಿ ಕುಡಿತದ ಬಗ್ಗೆ ನೇರವಾಗಿ ಕೇಳದೆ ಈ ಚೀಟಿ ಬರೆಯುವಂತಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಪ್ಯಾನಿಕ್ ದಾಳಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಶಿಖರ ಮುಟ್ಟಿ ತಾನಾಗಿಯೇ ಇಳಿಯತೊಡಗುತ್ತದೆ. ನುಂಗಿದ ಕ್ಲೊನಜೆಪಾಂ ರಕ್ತದಲ್ಲಿ ಗರಿಷ್ಠ ಮಟ್ಟಕ್ಕೆ ಬರಲು ಒಂದರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಎದೆ ಡವಗುಟ್ಟಿದಾಗ ಜೇಬಿನ ಮಾತ್ರೆ ನುಂಗಿದವರಿಗೆ ಸಮಾಧಾನ ಸಿಗುವುದು ಬಹುಪಾಲು ದಾಳಿ ತಾನಾಗಿ ಇಳಿದದ್ದರಿಂದ. ಹೆಸರು ಮಾತ್ರ ಮಾತ್ರೆಗೆ. ಅದಿಲ್ಲದೆ ಬದುಕಲಾರೆ ಎಂಬ ನಂಬಿಕೆ ಹುಟ್ಟುವುದೂ ಇಲ್ಲೇ. ‘ಬೇಕಾದಾಗ ಒಂದು’ ಎಂದು ಬರೆಯುವ ನಾವೇ ಆ ನಂಬಿಕೆಗೆ ನೀರೆರೆಯುತ್ತೇವೆ.

ಮೊದಲ ಆಕ್ಷೇಪ ನ್ಯಾಯವಾದದ್ದು: ಈ ಮಾತ್ರೆ ಇಲ್ಲದೆ ಆರಂಭದ ವಾರಗಳನ್ನು ದಾಟಿಸುವುದು ಹೇಗೆ? ಎಸ್ಸಿಟಲೊಪ್ರಾಂ, ಸರ್ಟ್ರಲೀನ್‌ನಂಥ ಖಿನ್ನತೆ ನಿವಾರಕಗಳು ಕೆಲಸ ಆರಂಭಿಸಲು ವಾರಗಳೇ ಬೇಕು. ಮೊದಲ ದಿನಗಳಲ್ಲಿ ತಳಮಳ ಹೆಚ್ಚಾಗುವುದೂ ಉಂಟು. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಪ್ಯಾನಿಕ್‌ಗೆ ಬೆಂಜೊಡಯಾಜೆಪೀನ್, ಅಂದರೆ ಕ್ಲೊನಜೆಪಾಂ ವರ್ಗದ ಮಾತ್ರೆ, ಬೇಡವೇ ಬೇಡ ಎನ್ನುತ್ತದೆ. ಮಾತಿನ ಚಿಕಿತ್ಸೆ ಕೈಗೆಟುಕದ ತೋಟದ ಲೈನ್ ಮನೆಯ ಕಾರ್ಮಿಕರಿಗೆ ಆ ನಿಲುವನ್ನು ಹಾಗೆಯೇ ಹೇರುವುದು ಕಷ್ಟ. ಒಪ್ಪುತ್ತೇನೆ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸರ್ಟ್ರಲೀನ್ ಜೊತೆ ನಾಲ್ಕು ವಾರ ಕ್ಲೊನಜೆಪಾಂ ಪಡೆದವರು ಮೊದಲ ವಾರಗಳಲ್ಲಿ ಬೇಗ ಚೇತರಿಸಿಕೊಂಡರು. ಹನ್ನೆರಡನೆಯ ವಾರದ ಹೊತ್ತಿಗೆ ಸರ್ಟ್ರಲೀನ್ ಮಾತ್ರ ಪಡೆದವರಿಗೂ ಅವರಿಗೂ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಕ್ಲೊನಜೆಪಾಂನ ಲಾಭ ಮೊದಲ ವಾರಗಳದು, ಅದರ ಅವಧಿಯೂ ಅಷ್ಟೇ ಇರಬೇಕು. ಇಲ್ಲಿ ನಮಗೆ ಅಡ್ಡ ಬರುವುದು ಎಸ್ಸಿಟಲೊಪ್ರಾಂ ಮತ್ತು ಕ್ಲೊನಜೆಪಾಂ ಸೇರಿಸಿದ ಜೋಡಿ ಮಾತ್ರೆ. ಅದನ್ನು ಅರ್ಧ ಮುರಿದರೆ ಮುಂದುವರಿಸಬೇಕಾದ ಮದ್ದೂ ಅರ್ಧವಾಗುತ್ತದೆ. ಆದ್ದರಿಂದ ಎರಡನ್ನೂ ಬೇರೆ ಬೇರೆ ಬರೆಯೋಣ: ಎಸ್ಸಿಟಲೊಪ್ರಾಂ ಮುಂದುವರಿಯಲಿ, ಕ್ಲೊನಜೆಪಾಂ 0.25 ಮಿಲಿಗ್ರಾಂನಿಂದ ಆರಂಭ, 14 ದಿನಕ್ಕೆ ಮಾತ್ರ ಮಾತ್ರೆ, ಮರುಭೇಟಿಯ ತಾರೀಖು, ಇಳಿಸಲು ಆರಂಭಿಸುವ ವಾರ.

ಎರಡನೆಯ ಆಕ್ಷೇಪ: ವರ್ಷಗಳಿಂದ ಸಣ್ಣ ಪ್ರಮಾಣದಲ್ಲಿ ಆರಾಮಾಗಿರುವವರನ್ನು ಏಕೆ ಕೆದಕಬೇಕು? ಅವರಿಗೆ ಮದ್ದನ್ನು ಏಕಾಏಕಿ ನಿಲ್ಲಿಸುವುದು ಅಪರಾಧವೇ ಸರಿ; ಫಿಟ್ಸ್ ಬರಬಹುದು. ಆದರೆ ನಿಧಾನವಾಗಿ ಇಳಿಸುವುದು ಸಾಧ್ಯ. ಕನಿಷ್ಠ ಮೂರು ವರ್ಷ ಕ್ಲೊನಜೆಪಾಂ ತೆಗೆದುಕೊಂಡಿದ್ದ ಪ್ಯಾನಿಕ್ ರೋಗಿಗಳ ಬಗ್ಗೆ ಬ್ರೆಜಿಲ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಂತಹಂತವಾಗಿ ಇಳಿಸಿದಾಗ ಮೂರರಲ್ಲಿ ಎರಡು ಪಾಲಿನಷ್ಟು ಜನ ನಾಲ್ಕು ತಿಂಗಳಲ್ಲಿ ಮದ್ದಿನಿಂದ ಹೊರಬಂದರು. ಉಳಿದವರಲ್ಲಿ ಹೆಚ್ಚಿನವರಿಗೆ ಇನ್ನಷ್ಟು ಸಮಯ ಬೇಕಾಯಿತು, ಅಷ್ಟೇ. ಆ ಸಮಯ ಕೊಡುವ ತಾಳ್ಮೆ ನಮಗಿರಬೇಕು.

ಕಾನೂನು ನೋಡಿಕೊಳ್ಳುತ್ತದೆ ಎನ್ನುವವರೂ ಇದ್ದಾರೆ. 2014ರ ಮಾರ್ಚ್ 1ರಂದು ಜಾರಿಗೆ ಬಂದ, ಔಷಧ ನಿಯಮಾವಳಿಯ ಶೆಡ್ಯೂಲ್ ಎಚ್1ರ ಪ್ರಕಾರ ಆಲ್ಪ್ರಜೋಲಾಂ, ಡಯಾಜೆಪಾಂ ಮಾರಾಟವನ್ನು ಅಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಆಗಿನ 46 ಹೆಸರುಗಳ ಪಟ್ಟಿಯಲ್ಲಿ ಕ್ಲೊನಜೆಪಾಂ ಇರಲಿಲ್ಲ. ಇನ್ನು ರಿಜಿಸ್ಟರು ಯಾರಿಗೆ ಎಷ್ಟು ಕೊಟ್ಟೆವೆಂದು ಹೇಳೀತು. ಏಕೆ ಕೊಟ್ಟೆವೆಂದು ಹೇಳುವುದು ನಮ್ಮ ಚೀಟಿಯೇ. ಆ ಕಾರಣ ಬರೆಯಲು ಕಾಯಿಲೆ ಯಾವುದೆಂದು ಮೊದಲು ತಿಳಿಯಬೇಕು: 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದುದನ್ನು ಕಂಡವರು ಮಳೆಯ ಸದ್ದಿಗೆ ಬೆಚ್ಚಿ ಬಂದರೆ, ಅದು ಪ್ಯಾನಿಕ್ ಕಾಯಿಲೆಯೋ ಆಘಾತದ ಭಯವೋ ಎಂದು ಮೊದಲು ಬಿಡಿಸಿ ನೋಡಬೇಕು. ಆಘಾತದ ಮೊದಲ ತಿಂಗಳಲ್ಲಿ ಬೆಂಜೊಡಯಾಜೆಪೀನ್ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ.

ಆದ್ದರಿಂದ ಈ ಸಮ್ಮೇಳನ ಒಂದು ನಿರ್ಣಯ ಕೈಗೊಳ್ಳಲಿ: ಕಾರಣ, ಅವಧಿ, ಇಳಿಸುವ ಕ್ರಮ ಬರೆಯದ ಚೀಟಿಯನ್ನು ವೈದ್ಯರು ಕೊಡಬಾರದು, ಅಂಥ ಚೀಟಿ ಬಂದರೆ ಅಂಗಡಿಯವರು ವೈದ್ಯರಿಗೆ ಫೋನ್ ಮಾಡಿ ಕೇಳಬೇಕು, ಕೇಳಿದವರ ಮೇಲೆ ವೈದ್ಯರು ಸಿಟ್ಟಾಗಬಾರದು. ಮಾತಿನ ಆಸರೆ ಬೇಕಾದವರಿಗೆ ಅದೇ ಚೀಟಿಯ ಕೆಳಗೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಬರೆದುಕೊಡೋಣ. ನಿರ್ಣಯವನ್ನು ಚರ್ಚೆಗೆ ಒಪ್ಪಿಸಿ ನನ್ನ ಮಾತು ಮುಗಿಸುತ್ತೇನೆ.