ಬ್ಯಾಗ್ ತೆರೆದು ನೋಡಿದ್ವಿ, ಆಮೇಲೆ?



ಕಳೆದ ಶನಿವಾರ ಕೋಣನಕುಂಟೆಗೆ ಹೋಗಿದ್ದೆ. ಅಲ್ಲಿನ ಒಂದು ಪ್ರೌಢಶಾಲೆಯಲ್ಲಿ ಪೋಷಕರ ಸಭೆ. 'ಸಾರ್, ಮಕ್ಕಳ ಆರೋಗ್ಯದ ಬಗ್ಗೆ ನಾಲ್ಕು ಮಾತಾಡಿ' ಅಂತ ಕರೆದಿದ್ದರು. ನಾನು ಡಾಕ್ಟರಲ್ಲ, ಮೇಷ್ಟ್ರೂ ಅಲ್ಲ. ಟಿವಿಯಲ್ಲಿ ಮಾತಾಡೋನು. ಆದರೂ ಒಪ್ಪಿಕೊಂಡೆ. ನನಗೂ ಒಂದು ಹಳೆಯ ಲೆಕ್ಕ ಚುಕ್ತಾ ಮಾಡೋದಿತ್ತು. ಅದನ್ನ ಆಮೇಲೆ ಹೇಳ್ತೀನಿ.

ಕೋಣನಕುಂಟೆ ಗೊತ್ತಲ್ಲ? ಹೆಸರಲ್ಲೇ ಕೋಣ ಇದೆ, ಕುಂಟೆ ಇದೆ. ಎಮ್ಮೆ ಕೋಣಗಳು ನೀರು ಕುಡಿಯುತ್ತಿದ್ದ ಊರು ಅಂತ ಹೆಸರೇ ಹೇಳುತ್ತೆ. ಈಗ ಕನಕಪುರ ರಸ್ತೆಯ ಮೇಲೆ ಮೆಟ್ರೋ ಓಡುತ್ತೆ. 2021ರ ಜನವರಿಯಲ್ಲಿ ಹಸಿರು ಮಾರ್ಗ ರೇಷ್ಮೆ ಸಂಸ್ಥೆವರೆಗೆ ಬಂತು, ಕೋಣನಕುಂಟೆ ಕ್ರಾಸ್‌ಗೆ ನಿಲ್ದಾಣವೂ ಬಂತು. ಪಕ್ಕದಲ್ಲೇ ದೊಡ್ಡ ಮಾಲ್, ಆಕಾಶದೆತ್ತರದ ಅಪಾರ್ಟ್‌ಮೆಂಟ್‌ಗಳು. ಅದರ ಹಿಂದಿನ ಬೀದಿಗೆ ತಿರುಗಿದರೆ ಒಂದೇ ರೂಮಿನ ಬಾಡಿಗೆ ಮನೆಗಳು. ಎರಡೂ ಕಡೆಯ ಮಕ್ಕಳು ಬೆಳಗ್ಗೆ ಅದೇ ರಸ್ತೆಯಲ್ಲಿ ಬ್ಯಾಗ್ ಹೊತ್ತುಕೊಂಡು ಹೋಗ್ತಾರೆ. ಬ್ಯಾಗ್ ಮಾತ್ರ ಇಬ್ಬರದ್ದೂ ಒಂದೇ ಭಾರ.

ಸಭೆಯಲ್ಲಿ ನಾನು ಭಾಷಣ ಶುರು ಮಾಡೋ ಮೊದಲೇ ಒಬ್ಬ ತಾಯಿ ಎದ್ದು ನಿಂತರು. 'ಸಾರ್, ನನ್ನ ಮಗಳು ಒಂಬತ್ತನೇ ಕ್ಲಾಸು. ಬೆಳಗ್ಗೆ ತುಂಬಿಸಿ ಕೊಟ್ಟ ನೀರಿನ ಬಾಟಲ್ ಸಂಜೆ ಹಾಗೇ ವಾಪಸ್ ಬರುತ್ತೆ. ಮನೆಗೆ ಬಂದ ತಕ್ಷಣ ಶೂ ಕೂಡ ಬಿಚ್ಚದೆ ಬಾತ್‌ರೂಮಿಗೆ ಓಡ್ತಾಳೆ' ಅಂದರು. ಸಭೆಯಲ್ಲಿದ್ದ ಉಳಿದ ಅಮ್ಮಂದಿರೆಲ್ಲ ತಲೆ ಆಡಿಸಿದರು. ಅಪ್ಪಂದಿರು ನೆಲ ನೋಡಿದರು.

ನಾನು ಬರೆದುಕೊಂಡು ಹೋಗಿದ್ದ ಚೀಟಿಯನ್ನ ಜೇಬಲ್ಲಿ ಇಟ್ಟೆ.

ನೋಡಿ, 2019ರಲ್ಲಿ ನಮ್ಮ ರಾಜ್ಯದಲ್ಲಿ 'ವಾಟರ್ ಬೆಲ್' ಅಂತ ಬಂತು. ಕೇರಳದಲ್ಲಿ ಶುರುವಾಗಿದ್ದು, ನಾವೂ ತಂದೆವು. ಗಂಟೆ ಹೊಡೆದಾಗ ಮಕ್ಕಳು ನೀರು ಕುಡೀಬೇಕು. ಒಳ್ಳೆಯದೇ. ಆದರೆ ಕುಡಿದ ನೀರು ಎಲ್ಲಿಗೆ ಹೋಗಬೇಕು ಸ್ವಾಮಿ? ಬಾಗಿಲಿಗೆ ಚಿಲಕ ಇಲ್ಲ, ಒಳಗೆ ನೀರಿಲ್ಲ, ಕಾಲಿಡೋಕೆ ಆಗಲ್ಲ ಅಂದ್ರೆ ಹದಿನಾಲ್ಕು ವರ್ಷದ ಹುಡುಗಿ ಏನು ಮಾಡ್ತಾಳೆ? ನೀರು ಕುಡಿಯೋದನ್ನೇ ಬಿಡ್ತಾಳೆ. ಬೆಳಗ್ಗೆ ಎಂಟಕ್ಕೆ ಬಿಟ್ಟ ಮಗು ಸಂಜೆ ನಾಲ್ಕೂವರೆಗೆ ಬರುತ್ತೆ. ಎಂಟೂವರೆ ಗಂಟೆ! ನನಗೆ ಎರಡು ಗಂಟೆ ಸ್ಟುಡಿಯೋದಲ್ಲಿ ಕೂತರೆ ಆಗಲ್ಲ. ಮೂತ್ರದ ಸೋಂಕು, ತಲೆನೋವು, ಹೊಟ್ಟೆನೋವು, ಆಮೇಲೆ ಡಾಕ್ಟರ ಹತ್ತಿರ ಓಟ. 'ಇವಳಿಗೆ ಯಾವಾಗಲೂ ಏನಾದ್ರೂ ಒಂದು' ಅಂತ ಬೈಗುಳ ಬೇರೆ. ಮುಟ್ಟಿನ ದಿನಗಳ ಕಥೆ ಕೇಳಲೇಬೇಡಿ. 'ಶುಚಿ' ಯೋಜನೆಯ ಪ್ಯಾಡುಗಳು ಮಧ್ಯೆ ಕೆಲವು ವರ್ಷ ನಿಂತೇ ಹೋಗಿದ್ದವು. ಹುಡುಗಿಯರು ಮಾತ್ರ ಬೆಳೆಯೋದು ನಿಲ್ಲಿಸಲಿಲ್ಲ.

ಊಟದ ವಿಷಯದಲ್ಲಿ ನಮ್ಮ ರಾಜ್ಯವನ್ನ ಸ್ವಲ್ಪ ಹೊಗಳಬೇಕು. ಬರೀ ಬೈಯೋದೇ ಆಂಕರ್ ಕೆಲಸ ಅಲ್ಲ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು. ಮೊಟ್ಟೆ ಬಂದಾಗ ಎಷ್ಟು ಗಲಾಟೆ ಆಯ್ತು ನೆನಪಿದೆಯಾ? 2021ರ ಡಿಸೆಂಬರ್‌ನಲ್ಲಿ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಶುರು, ಆಮೇಲೆ ಇಡೀ ರಾಜ್ಯಕ್ಕೆ. 2023ರಲ್ಲಿ ಒಂಬತ್ತು, ಹತ್ತನೇ ಕ್ಲಾಸಿನವರಿಗೂ ಸಿಕ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ವಾರಕ್ಕೆ ಆರು ದಿನ. ಮೊಟ್ಟೆ ಬೇಡ ಅನ್ನೋರಿಗೆ ಬಾಳೆಹಣ್ಣು. ಇದು ಸರ್ಕಾರಿ, ಅನುದಾನಿತ ಶಾಲೆಗಳ ಮಾತು. ಲಕ್ಷ ರೂಪಾಯಿ ಫೀಸ್ ಕಟ್ಟೋ ಖಾಸಗಿ ಶಾಲೆಯ ಮಗು ಎಷ್ಟೋ ಸಲ ಖಾಲಿ ಹೊಟ್ಟೆಯಲ್ಲಿ ಬಸ್ ಹತ್ತುತ್ತೆ, ಮಧ್ಯಾಹ್ನ ಚಿಪ್ಸ್ ತಿನ್ನುತ್ತೆ. ರಕ್ತಹೀನತೆ ಬಡವರ ಕಾಯಿಲೆ ಅಂದುಕೊಂಡಿದ್ರೆ ತಪ್ಪು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆ. ಪಾಠ ತಲೆಗೆ ಹೋಗ್ತಿಲ್ಲ, ಸೋಮಾರಿ ಅಂತೀವಿ. ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಕೊಡ್ತಾರೆ, ಅದನ್ನ ನುಂಗದೆ ಡೆಸ್ಕಿನ ಸಂದಿಗೆ ತುರುಕೋ ಮಕ್ಕಳೂ ಇದ್ದಾರೆ. ಊಟ ಆದ ಮೇಲೆ ನುಂಗು, ಜೊತೆಗೆ ಟೀ ಕುಡೀಬೇಡ ಅಂತ ಮನೆಯಲ್ಲಿ ಒಂದು ಮಾತು ಹೇಳಿ.

ಇನ್ನು ನಿದ್ದೆ. ಇದನ್ನ ಕೇಳಿದ ತಕ್ಷಣ ಸಭೆಯಲ್ಲಿ ನಗು. ಯಾಕೆ ನಗ್ತೀರಿ? 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ತಜ್ಞರು ಹೇಳ್ತಾರೆ. ಆ ವಯಸ್ಸಿನಲ್ಲಿ ನಿದ್ದೆ ತರಿಸೋ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತೆ. ಹತ್ತು ಗಂಟೆಗೆ ಮಲಗು ಅಂದ್ರೆ ಮಗುವಿಗೆ ನಿಜವಾಗ್ಲೂ ನಿದ್ದೆ ಬರಲ್ಲ, ನಾಟಕ ಅಲ್ಲ ಅದು. ಮೊಬೈಲ್ ಸೇರಿದರೆ ಹನ್ನೆರಡೂವರೆ. ಬೆಳಗ್ಗೆ ಆರಕ್ಕೆ ಟ್ಯೂಷನ್. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2022ರ ಜುಲೈನಿಂದ ಹೈಸ್ಕೂಲು ಬೆಳಗ್ಗೆ ಎಂಟೂವರೆಗಿಂತ ಮೊದಲು ಶುರುವಾಗಬಾರದು ಅಂತ ಕಾನೂನೇ ಜಾರಿಯಾಯ್ತು, ಮಕ್ಕಳ ನಿದ್ದೆಗೋಸ್ಕರ. ಬೆಂಗಳೂರಲ್ಲೂ 2023ರಲ್ಲಿ ಶಾಲಾ ಸಮಯ ಬದಲಿಸೋ ಚರ್ಚೆ ಆಯ್ತು. ಯಾಕೆ ಗೊತ್ತಾ? ಟ್ರಾಫಿಕ್ ಕಡಿಮೆ ಮಾಡೋಕೆ!

ಆಗ ಹಿಂದಿನ ಸಾಲಿನಿಂದ ಒಬ್ಬ ತಂದೆ ಕೇಳಿದರು: 'ಸಾರ್, ಅದೆಲ್ಲ ಸರಿ. ನನ್ನ ಮಗನ ಬ್ಯಾಗ್ ಚೆಕ್ ಮಾಡ್ಬೇಕಾ ಬೇಡ್ವಾ? ನೀವೇ ಟಿವಿಯಲ್ಲಿ ತೋರಿಸಿದ್ರಲ್ಲ?'

ಅಲ್ಲಿಗೆ ನನ್ನ ಹಳೆಯ ಲೆಕ್ಕ ಬಂತು.

2022ರ ನವೆಂಬರ್ ಕೊನೆ. ಬೆಂಗಳೂರಿನ ಕೆಲವು ಖಾಸಗಿ ಶಾಲೆಗಳಲ್ಲಿ ಮಕ್ಕಳು ಮೊಬೈಲ್ ತರ್ತಿದ್ದಾರೆ ಅಂತ ಬ್ಯಾಗ್ ತಪಾಸಣೆ ಮಾಡಿದರು. 8, 9, 10ನೇ ಕ್ಲಾಸಿನವರ ಬ್ಯಾಗುಗಳಲ್ಲಿ ಮೊಬೈಲ್ ಜೊತೆಗೆ ಸಿಗರೇಟು, ಲೈಟರ್, ವೈಟ್ನರ್, ಕಾಂಡೋಮ್, ಗರ್ಭನಿರೋಧಕ ಮಾತ್ರೆ ಸಿಕ್ಕವು ಅಂತ ಸುದ್ದಿ. ಖಾಸಗಿ ಶಾಲೆಗಳ ಒಕ್ಕೂಟ ಕ್ಯಾಮ್ಸ್‌ನವರೂ ಮಾತಾಡಿದರು. ದೇಶದ ಚಾನೆಲ್‌ಗಳೆಲ್ಲ ಬೆಂಗಳೂರಿನ ಕಡೆ ತಿರುಗಿದವು. ನಾವು ಬಿಡ್ತೀವಾ? ಬೆಳಗ್ಗೆಯಿಂದ ರಾತ್ರಿವರೆಗೆ ಅದೇ. 'ಬ್ಯಾಗಲ್ಲಿ ಏನಿದೆ?' ಅಂತ ಪರದೆ ತುಂಬ ಕೆಂಪು ಅಕ್ಷರ. ನಾನೂ ಒಂದು ಗಂಟೆ ಚರ್ಚೆ ನಡೆಸಿದೆ. ನಾಲ್ಕು ಕಿಟಕಿಯಲ್ಲಿ ನಾಲ್ಕು ಜನ ಕೂಗಾಡಿದರು. ಸಂಸ್ಕೃತಿ ಹಾಳಾಯ್ತು ಅಂದರು, ಮೊಬೈಲ್ ಕಿತ್ಕೊಳ್ಳಿ ಅಂದರು. ಆ ನಾಲ್ವರಲ್ಲಿ ಮಕ್ಕಳ ಮನೋವೈದ್ಯರು ಒಬ್ಬರೂ ಇರಲಿಲ್ಲ. ಕರೆಯೋಣ ಅಂತ ನಮಗೆ ಹೊಳೆಯಲೂ ಇಲ್ಲ.

ಆ ಶಾಲೆಗಳು ನಮಗಿಂತ ಬುದ್ಧಿವಂತಿಕೆ ತೋರಿಸಿದವು ಅಂತ ಈಗ ಅನಿಸುತ್ತೆ. ಮಕ್ಕಳನ್ನ ಹೊರಗೆ ಹಾಕಲಿಲ್ಲ. ಪೋಷಕರನ್ನ ಕರೆಸಿದರು, ಕೆಲವು ದಿನ ರಜೆ ಕೊಟ್ಟು ಆಪ್ತಸಮಾಲೋಚನೆ ಕೊಡಿಸಿ ಅಂದರು. ಅದು ನಮ್ಮ ಪರದೆಯ ಮೇಲೆ ಎಷ್ಟು ಸೆಕೆಂಡ್ ಬಂತು? ಕೇಳಬೇಡಿ.

ಇನ್ನೊಂದು ಹೇಳ್ತೀನಿ, ನಾಚಿಕೆ ಆಗುತ್ತೆ. ಆ ಸುದ್ದಿಗೆ ಬರೀ ಒಂದೂವರೆ ತಿಂಗಳು ಮುಂಚೆ, 2022ರ ಅಕ್ಟೋಬರ್ 10ರಂದು, ಇದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಟೆಲಿ ಮಾನಸ್ ಸಹಾಯವಾಣಿ ಉದ್ಘಾಟನೆ ಆಗಿತ್ತು. ನಂಬರ್ 14416. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಅಂದು ನಮ್ಮ ಬುಲೆಟಿನ್‌ನಲ್ಲಿ ಅದು ಎಲ್ಲೋ ಕೊನೆಯಲ್ಲಿ ಬಂದಿರಬೇಕು. ಬ್ಯಾಗ್ ಚರ್ಚೆಯ ಆ ಒಂದು ಗಂಟೆಯಲ್ಲಿ ಕೆಳಗೆ ಆ ನಂಬರ್ ಓಡಿಸಿದ್ರೂ ಸಾಕಿತ್ತು. ಓಡಿಸಲಿಲ್ಲ.

ಹಾಗಾಗಿ ಆ ತಂದೆಗೆ ಹೇಳಿದೆ: ಬ್ಯಾಗ್ ನೋಡೋದು ನಿಮ್ಮಿಷ್ಟ. ನೋಡಿದ ಮೇಲೆ ಏನು ಮಾಡ್ತೀರಿ ಅಂತ ಮೊದಲೇ ಯೋಚಿಸಿ. ಸಿಗರೇಟ್ ಸಿಕ್ತು ಅಂತ ನಾಲ್ಕು ಬಾರಿಸಿದರೆ ಮುಂದಿನ ಸಲ ಅದು ಬ್ಯಾಗಲ್ಲಿ ಇರಲ್ಲ, ಅಷ್ಟೇ. ನಿಮ್ಮ ಮಗ ಯಾರ ಹತ್ತಿರ ಹೋಗಿ 'ನನಗೆ ಹೀಗಾಗ್ತಿದೆ' ಅಂತ ಹೇಳಬಹುದು? ಒಬ್ಬರ ಹೆಸರು ಹೇಳಿ ನೋಡೋಣ ಅಂದೆ. ಅವರು ಹೆಂಡತಿ ಕಡೆ ನೋಡಿದರು. ಆಕೆ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ನನ್ನ ಕಡೆ.

ಮೇಷ್ಟ್ರನ್ನ ಬೈಯಬೇಡಿ. ಪಾಠ, ಜನಗಣತಿ, ಚುನಾವಣೆ, ಮೊಟ್ಟೆ ಸಿಪ್ಪೆ ಸುಲಿಸೋ ಲೆಕ್ಕ, ಆನ್‌ಲೈನ್ ಎಂಟ್ರಿ, ಎಲ್ಲಾ ಅವರ ತಲೆಗೇ. ಜೊತೆಗೆ ಇನ್ನೊಂದು ತೊಡಕಿದೆ. ಮಾರ್ಕ್ಸ್ ಹಾಕೋ ಕೈಯ ಮುಂದೆ ಮಗು ಮನಸ್ಸು ಬಿಚ್ಚೋದು ಕಷ್ಟ. ಬಿಹಾರದ ನಳಂದ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ಒಂದು ದೊಡ್ಡ ಅಧ್ಯಯನ ಆಯ್ತು, 2018ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಒಂದಷ್ಟು ಶಾಲೆಗೆ ಪ್ರತ್ಯೇಕ ಸಮಾಲೋಚಕರು. ಅವರೇನು ದೊಡ್ಡ ಡಾಕ್ಟರುಗಳಲ್ಲ, ತರಬೇತಿ ಕೊಟ್ಟ ಸಾಮಾನ್ಯ ಜನ. ಇನ್ನೊಂದಷ್ಟು ಶಾಲೆಯಲ್ಲಿ ಅದೇ ಕಾರ್ಯಕ್ರಮವನ್ನ ಅಲ್ಲಿನ ಶಿಕ್ಷಕರ ಕೈಲೇ ಮಾಡಿಸಿದರು. ಸಮಾಲೋಚಕರಿದ್ದ ಕಡೆ ಖಿನ್ನತೆ ಕಡಿಮೆ, ಜಗಳ ಕಡಿಮೆ, ಒಬ್ಬರನ್ನೊಬ್ಬರು ಹಂಗಿಸೋದು ಕಡಿಮೆ. ಶಿಕ್ಷಕರಿಗೆ ವಹಿಸಿದ ಕಡೆ ಅಂಥ ವ್ಯತ್ಯಾಸ ಕಾಣಲಿಲ್ಲ. ಬಿಹಾರದಲ್ಲಿ ಆಗೋದು ಬೆಂಗಳೂರಲ್ಲಿ ಆಗಲ್ವಾ? ಹೈಸ್ಕೂಲ್ ಮಕ್ಕಳಿಗೆ ಜೀವನ ಕೌಶಲ ಕಲಿಸೋ ಪಠ್ಯವನ್ನ ನಮ್ಮ ನಿಮ್ಹಾನ್ಸ್ ಎಷ್ಟೋ ವರ್ಷದ ಹಿಂದೆಯೇ ಮಾಡಿಕೊಟ್ಟಿದೆ. ಮೊಬೈಲ್ ಚಟಕ್ಕೆ ಶಟ್ ಕ್ಲಿನಿಕ್ ಅಂತ 2014ರಲ್ಲೇ ತೆರೆದರು. ಕೋಣನಕುಂಟೆಯಿಂದ ನಿಮ್ಹಾನ್ಸ್ ಅರ್ಧ ಗಂಟೆ ದಾರಿ. ಸರಿ, ಟ್ರಾಫಿಕ್ ಇದ್ರೆ ಒಂದೂವರೆ ಗಂಟೆ.

ಈಗ ಇದು ದಯೆ ದಾಕ್ಷಿಣ್ಯದ ವಿಷಯವೂ ಅಲ್ಲ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್, ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದ್ತಿದ್ದ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ, ಇಡೀ ದೇಶಕ್ಕೆ 15 ಮಾರ್ಗಸೂಚಿ ಕೊಟ್ಟಿದೆ. ಶಾಲೆ, ಕಾಲೇಜು, ಕೋಚಿಂಗ್ ಸೆಂಟರ್, ಹಾಸ್ಟೆಲ್ ಎಲ್ಲಕ್ಕೂ ಅನ್ವಯ. ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರೋ ಕಡೆ ತರಬೇತಿ ಪಡೆದ ಸಮಾಲೋಚಕರು ಕನಿಷ್ಠ ಒಬ್ಬರು ಇರಲೇಬೇಕು. ಅದಕ್ಕಿಂತ ಚಿಕ್ಕ ಶಾಲೆ ಆದ್ರೆ ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಕೊಬೇಕು. ಮಾರ್ಕ್ಸ್ ನೋಡಿ ಮಕ್ಕಳನ್ನ ಬೇರೆ ಬೇರೆ ಬ್ಯಾಚ್ ಮಾಡಬಾರದು, ಎಲ್ಲರ ಮುಂದೆ ಅವಮಾನ ಮಾಡಬಾರದು. ಟೆಲಿ ಮಾನಸ್ ನಂಬರನ್ನ ದೊಡ್ಡದಾಗಿ ಕಾಣೋ ಹಾಗೆ ಹಾಕಬೇಕು. ಸಂಸತ್ತೋ ವಿಧಾನಸಭೆಯೋ ಕಾನೂನು ಮಾಡೋವರೆಗೆ ಇದೇ ಕಾನೂನು.

ನಿಮ್ಮ ಮಗುವಿನ ಶಾಲೆಯಲ್ಲಿ ನೂರು ಮಕ್ಕಳಿಲ್ವಾ? ಫೀಸ್ ಕಟ್ಟೋ ಕೌಂಟರಲ್ಲೇ ನೂರು ಜನ ಇರ್ತಾರೆ!

ಎಸ್‌ಎಸ್‌ಎಲ್‌ಸಿ ಬಗ್ಗೆ ಎರಡೇ ಮಾತು. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ ಇದೆ, ಅತ್ಯುತ್ತಮ ಅಂಕವನ್ನೇ ಉಳಿಸಿಕೊಳ್ಳಬಹುದು. ಇದನ್ನ ಮಗುವಿಗೆ ಪರೀಕ್ಷೆಗೆ ಮುಂಚೆ ಹೇಳಿ. 'ಹೇಳಿದ್ರೆ ಓದಲ್ಲ ಸಾರ್' ಅಂತ ಸಭೆಯಲ್ಲೇ ಒಬ್ಬರು ಅಂದರು. ಫಲಿತಾಂಶದ ದಿನ ನಾವು ಚಾನೆಲ್‌ನವರು 625ಕ್ಕೆ 625 ತೆಗೆದ ಮಗುವಿನ ಬಾಯಿಗೆ ಸಿಹಿ ತಿನ್ನಿಸೋದನ್ನ ತೋರಿಸ್ತೀವಿ. ಅದೇ ಹೊತ್ತಿಗೆ ಪರದೆಯ ಕೆಳಗೆ ಇನ್ನೊಂದು ಮಗುವಿನ ಸುದ್ದಿ ಒಂದು ಸಾಲಲ್ಲಿ ಓಡಿ ಹೋಗುತ್ತೆ. ಆ ಸಾಲನ್ನ ಬರೆಯೋ ಹುಡುಗರು ನಮ್ಮ ಡೆಸ್ಕಲ್ಲೇ ಇದ್ದಾರೆ. ನಾನು ಅವರ ಜೊತೆ ಕೂತು ಮಾತಾಡಿದ್ದೀನಿ. ಹೇಗೆ, ಎಲ್ಲಿ ಅನ್ನೋ ವಿವರ ಇನ್ಮುಂದೆ ಬರಲ್ಲ. ಹಾಕಲೇಬೇಕಾದ ಸುದ್ದಿಯಾದ್ರೆ ಜೊತೆಗೆ 14416 ಇರುತ್ತೆ. ತಪ್ಪಿದ್ರೆ ನನಗೆ ಪತ್ರ ಬರೀರಿ.

ಮಗು ಇದ್ದಕ್ಕಿದ್ದ ಹಾಗೆ ಊಟ ಬಿಟ್ಟರೆ, ಗೆಳೆಯರನ್ನ ಬಿಟ್ಟರೆ, ಇಷ್ಟದ ವಸ್ತುಗಳನ್ನ ಯಾರಿಗೋ ಕೊಟ್ಟುಬಿಟ್ಟರೆ, 'ನಾನಿಲ್ದೆ ಇದ್ರೆ ನಿಮಗೆ ಆರಾಮ' ಅಂತ ತಮಾಷೆಗಾದರೂ ಅಂದರೆ, ಅವತ್ತೇ ಕೂತು ನೇರವಾಗಿ ಕೇಳಿ. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತೆ ಅನ್ನೋದು ಸುಳ್ಳು, ಮನೋವೈದ್ಯರೇ ಹೇಳೋ ಮಾತಿದು. ನಿಮಗೆ ಕೇಳೋಕೆ ಬಾಯಿ ಬರದಿದ್ರೆ ನೀವೇ 14416ಕ್ಕೆ ಫೋನ್ ಮಾಡಿ, ಪೋಷಕರೂ ಮಾಡಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಂತಲೇ 'ಸ್ನೇಹ ಕ್ಲಿನಿಕ್' ಇದೆ. ಎಷ್ಟು ಜನಕ್ಕೆ ಗೊತ್ತು ಅಂತ ಕೋಣನಕುಂಟೆಯ ಸಭೆಯಲ್ಲಿ ಕೈ ಎತ್ತಿಸಿದೆ. ಒಬ್ಬರು ಎತ್ತಿದರು. ಆಕೆ ಆಶಾ ಕಾರ್ಯಕರ್ತೆ.

ಸಭೆ ಮುಗಿದ ಮೇಲೆ ಮುಖ್ಯ ಶಿಕ್ಷಕರು ನನ್ನನ್ನ ಶೌಚಾಲಯದ ಕಡೆ ಕರ್ಕೊಂಡು ಹೋದರು. ನಾಲ್ಕರಲ್ಲಿ ಎರಡಕ್ಕೆ ಚಿಲಕ ಇರಲಿಲ್ಲ. 'ಸೋಮವಾರ ಹಾಕಿಸ್ತೀನಿ ಸಾರ್, ಕೌನ್ಸೆಲರ್ ವಿಷಯ ಮೇಲಿನವರಿಗೆ ಬರೀತೀನಿ' ಅಂದರು. ನಿನ್ನೆ ಫೋನ್ ಮಾಡಿದ್ದೆ. ಚಿಲಕ ಬಂದಿದೆಯಂತೆ. ಕೌನ್ಸೆಲರ್ ಇನ್ನೂ ಬಂದಿಲ್ಲ. ಮುಂದಿನ ತಿಂಗಳು ಮತ್ತೆ ಫೋನ್ ಮಾಡ್ತೀನಿ, ಏನಾಯ್ತು ಅಂತ ಇಲ್ಲೇ ಹೇಳ್ತೀನಿ. ನೀವೂ ನಿಮ್ಮ ಶಾಲೆಗೆ ಒಂದು ಫೋನ್ ಮಾಡಿ.