ಎರಡನೇ ಬಾಗಿಲೂ ತಟ್ಟಿ



ಮೊನ್ನೆ ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ. ನಮ್ಮ ಚಾನೆಲ್‌ನಲ್ಲೂ ಒಂದು ಗಂಟೆಯ ಕಾರ್ಯಕ್ರಮ ಮಾಡಿದ್ವಿ. ತಜ್ಞರು ಬಂದ್ರು, ಮಾತಾಡಿದ್ರು. ಕೊನೆಯಲ್ಲಿ ನಾನು ಕ್ಯಾಮೆರಾ ನೋಡಿ, ಎಲ್ಲ ಆಂಕರ್‌ಗಳೂ ಹೇಳೋ ಮಾತನ್ನೇ ಹೇಳಿದೆ. "ಮನಸ್ಸಿಗೆ ತೊಂದರೆ ಅನ್ನಿಸಿದ್ರೆ ಸಂಕೋಚ ಬೇಡ, ತಜ್ಞರನ್ನ ಕಾಣಿ."

ಕಾರ್ಯಕ್ರಮ ಮುಗಿದ ಮೇಲೆ ದಾವಣಗೆರೆಯಿಂದ ಒಬ್ಬರು ಫೋನ್ ಮಾಡಿದ್ರು. ನಲವತ್ತು ದಾಟಿದ ದನಿ. "ಮೇಡಂ, ಕಾಣಿ ಕಾಣಿ ಅಂತೀರಿ. ನಾನು ಕಂಡು ಬಂದೀನಿ. ಹತ್ತು ನಿಮಿಷ ಮಾತಾಡೋಕೆ ಬಿಡ್ಲಿಲ್ಲ. ಗಂಡಸಾಗಿ ಇಷ್ಟಕ್ಕೆಲ್ಲ ಅಳ್ತೀರಲ್ರೀ ಅಂದ್ರು. ಇನ್ನು ಈ ಜನ್ಮದಲ್ಲಿ ಆ ಕಡೆ ಹೋಗಲ್ಲ." ಅಷ್ಟೇ. ಫೋನ್ ಇಟ್ಟುಬಿಟ್ರು.

ಅವರಿಗೆ ಕೊಡೋಕೆ ನನ್ನ ಹತ್ರ ಒಂದು ಉತ್ತರ ಇತ್ತು. ಅದನ್ನ ಇವತ್ತು ಕೊಡ್ತೀನಿ. ಯಾಕಂದ್ರೆ ನಾನೂ ಅದೇ ಥರ ವಾಪಸ್ ಬಂದವಳು.

ಕೆಲವು ವರ್ಷದ ಹಿಂದಿನ ಮಾತು. ರಾತ್ರಿ ಒಂಬತ್ತರ ಬುಲೆಟಿನ್ ಶುರುವಾಗೋಕೆ ಐದು ನಿಮಿಷ ಇದೆ ಅನ್ನುವಾಗ ಎದೆ ಡವಡವ ಹೊಡ್ಕೊಳ್ಳೋದು, ಕೈ ತಣ್ಣಗಾಗೋದು, ಈಗಲೇ ಬಿದ್ದುಬಿಡ್ತೀನಿ ಅನ್ನಿಸೋದು. ಇಸಿಜಿ ಮಾಡಿಸಿದೆ, ನಾರ್ಮಲ್. ಥೈರಾಯ್ಡ್ ನಾರ್ಮಲ್. ಡಾಕ್ಟ್ರು "ಯಾರಾದ್ರೂ ಕೌನ್ಸೆಲರ್ ನೋಡಿ" ಅಂದ್ರು. ಮನೆಯಲ್ಲಿ ಅಮ್ಮನಿಗೆ ಹೇಳಿದೆ. "ಯಾಕೆ, ನಿಂಗೇನು ಹುಚ್ಚಾ?" ಅಂದ್ರು. ಅಮ್ಮ ಕೆಟ್ಟವರಲ್ಲ, ಅವರಿಗೆ ಭಯ ಆಗಿತ್ತು.

ಧೈರ್ಯ ಮಾಡಿ ಹೋದೆ. ಒಳಗಿದ್ದವರು ನನ್ನನ್ನ ನೋಡಿದ ತಕ್ಷಣ ಗುರುತು ಹಿಡಿದ್ರು. "ಏನಮ್ಮಾ, ಟಿವಿಯಲ್ಲಿ ಮಂತ್ರಿಗಳನ್ನೇ ನಡುಗಿಸ್ತೀಯ, ನಿಂಗೆಂಥ ಟೆನ್ಷನ್ನು?" ನಾನು ಹೇಳೋಕೆ ಬಾಯಿ ತೆಗೆದೆ. ಅವರ ಕಣ್ಣು ಗೋಡೆ ಗಡಿಯಾರದ ಮೇಲೆ. ಹದಿನೈದನೇ ನಿಮಿಷಕ್ಕೆ ತೀರ್ಪು ಬಂತು: "ಮದುವೆ ಮಾಡ್ಕೋ, ಎಲ್ಲ ಸರಿ ಹೋಗುತ್ತೆ." ದುಡ್ಡು ಕೊಟ್ಟು ಹೊರಗೆ ಬಂದೆ. ಆಮೇಲೆ ಎಂಟು ತಿಂಗಳು ಎಲ್ಲಿಗೂ ಹೋಗ್ಲಿಲ್ಲ. ಪ್ರತಿ ರಾತ್ರಿ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಅದೇ ನರಕ. ಆ ಎಂಟು ತಿಂಗಳು ನನಗೆ ಯಾರೂ ವಾಪಸ್ ಕೊಡಲ್ಲ.

ನೋಡಿ, ಯಾವತ್ತೂ ಹೋಗದೇ ಇರೋರ ಬಗ್ಗೆ ನಾವು ತುಂಬಾ ಮಾತಾಡ್ತೀವಿ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೀತು. ವಯಸ್ಕರಲ್ಲಿ ನೂರಕ್ಕೆ ಸುಮಾರು 10 ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ ಅಂತ ಗೊತ್ತಾಯ್ತು. ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇದ್ದವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇದು ದೊಡ್ಡ ಸುದ್ದಿ, ನಿಜ. ಆದರೆ ಒಂದು ಸಲ ಹೋಗಿ, ನೊಂದು, ಬಾಗಿಲು ಹಾಕ್ಕೊಂಡವರ ಬಗ್ಗೆ ಯಾರು ಮಾತಾಡ್ತಾರೆ?

ನಾನು ಓದಿದ್ದು ಎಂಜಿನಿಯರಿಂಗ್. ನನ್ನ ಲೆಕ್ಕದಲ್ಲಿ ಥೆರಪಿ ಅಂದ್ರೆ ಒಂದು ಟೆಕ್ನಿಕ್. ಟೆಕ್ನಿಕ್ ಸರಿ ಇದ್ರೆ ಸಾಕು, ಮಾಡೋ ಮನುಷ್ಯ ಸಿಡುಕನಾದ್ರೇನು, ಸಾಧುವಾದ್ರೇನು ಅಂದ್ಕೊಂಡಿದ್ದೆ. ಇದು ತಪ್ಪು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲೇ ಹೇಳಿದ್ರು: ಎದುರಿಗಿರೋರ ನೋವನ್ನ ಅವರ ಜಾಗದಲ್ಲಿ ನಿಂತು ಅರ್ಥ ಮಾಡ್ಕೊಳ್ಳೋದು, ಷರತ್ತಿಲ್ಲದೆ ಒಪ್ಪಿಕೊಳ್ಳೋದು, ನಾಟಕ ಆಡದೇ ಇರೋದು, ಇವು ಮನಸ್ಸು ಬದಲಾಗೋಕೆ ಬೇಕೇ ಬೇಕು ಅಂತ. ಆಮೇಲೆ ದಶಕಗಳ ಸಂಶೋಧನೆ ಒಂದು ವಿಷಯವನ್ನ ಮತ್ತೆ ಮತ್ತೆ ತೋರಿಸಿದೆ. ಪದ್ಧತಿ ಯಾವುದೇ ಇರಲಿ, ಚಿಕಿತ್ಸೆ ಕೊಡೋರಿಗೂ ತಗೊಳ್ಳೋರಿಗೂ ನಡುವೆ ನಂಬಿಕೆ ಬೆಳೆದ ಕಡೆ ಗುಣ ಹೆಚ್ಚು. ಅಂದ್ರೆ ಬೆಚ್ಚಗಿನ ನಡವಳಿಕೆ ಅನ್ನೋದು ಮೇಲಿನ ಅಲಂಕಾರ ಅಲ್ಲ ಸ್ವಾಮಿ, ಅದು ಔಷಧದ ಒಂದು ಭಾಗ.

ಹಾಗಂತ ನಗುನಗುತ್ತಾ ಮಾತಾಡಿಸೋರೆಲ್ಲ ಥೆರಪಿಸ್ಟ್ ಆಗಿಬಿಡ್ತಾರಾ? ಇಲ್ಲ. ಇಲ್ಲಿ ಬೋರ್ಡ್ ಓದೋದು ಕಲೀಬೇಕು. ಮನೋವೈದ್ಯರು, ಅಂದ್ರೆ ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಮಾಡಿ ಆಮೇಲೆ ಮನೋವೈದ್ಯಶಾಸ್ತ್ರ ಓದಿದವರು. ಮಾತ್ರೆ ಬರೆಯೋದು ಇವರೇ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯಲ್ಲ, ಮಾತಿನ ಮೂಲಕ ಚಿಕಿತ್ಸೆ ಕೊಡೋ ತರಬೇತಿ ಪಡೆದವರು. ಇವರಿಗೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದ್ರೆ ಆರ್‌ಸಿಐನ ನೋಂದಣಿ ಇರಬೇಕು. ನಂಬರ್ ಕೇಳಿ, ಕೇಳೋದು ನಿಮ್ಮ ಹಕ್ಕು. ಇನ್ನು ಕೌನ್ಸೆಲರ್. ಈ ಹೆಸರಿನಡಿ ಎರಡು ವರ್ಷ ಸ್ನಾತಕೋತ್ತರ ಪದವಿ ಓದಿ, ಹಿರಿಯರ ಕೈಕೆಳಗೆ ಪಳಗಿದವರೂ ಇದ್ದಾರೆ. ವಾರಾಂತ್ಯದ ಆನ್‌ಲೈನ್ ಕೋರ್ಸ್ ಮಾಡಿ ಬೋರ್ಡ್ ತಗುಲಿಸಿದವರೂ ಇದ್ದಾರೆ. ಹಾಗಾಗಿ "ಏನು ಓದಿದ್ದೀರಿ, ಎಲ್ಲಿ ತರಬೇತಿ ಆಯ್ತು?" ಅಂತ ಕೇಳದೆ ಒಳಗೆ ಕೂರಬೇಡಿ. ಮನೆಗೆ ಬರೋ ಎಲೆಕ್ಟ್ರಿಷಿಯನ್‌ಗೆ ನೂರು ಪ್ರಶ್ನೆ ಕೇಳೋ ನಾವು, ಮನಸ್ಸನ್ನ ಬಿಚ್ಚಿಡುವಾಗ ಎರಡು ಪ್ರಶ್ನೆ ಕೇಳಬಾರದಾ?

ಫೋನಿನಲ್ಲೇ ಇನ್ನೂ ಮೂರು ವಿಷಯ ಕೇಳಿ. ನನ್ನಂಥ ತೊಂದರೆ ಇರೋರ ಜೊತೆ ಕೆಲಸ ಮಾಡಿದ್ದೀರಾ? ಒಂದು ಸೆಷನ್ ಎಷ್ಟು ಹೊತ್ತು, ಎಷ್ಟು ಫೀಸು? ಕನ್ನಡದಲ್ಲಿ ಮಾತಾಡಬಹುದಾ?

ಈ ಕೊನೆಯ ಪ್ರಶ್ನೆಯನ್ನ ಹಗುರವಾಗಿ ತಗೋಬೇಡಿ. ನಾವು "ಬೇಜಾರು" ಅಂತೀವಲ್ಲ, ಆ ಒಂದು ಪದವನ್ನ ಇಂಗ್ಲಿಷಿಗೆ ಹಾಕಿ ನೋಡೋಣ. ಬೋರ್ ಆದ್ರೂ ಬೇಜಾರು, ದುಃಖ ಆದ್ರೂ ಬೇಜಾರು, ಗೆಳತಿ ಮಾತು ಬಿಟ್ರೂ ಬೇಜಾರು, ಬದುಕೇ ಸಾಕು ಅನ್ನಿಸಿದ್ರೂ ಬೇಜಾರು. ನೀವು ಹೇಳಿದ ಬೇಜಾರು ಯಾವುದು ಅಂತ ನಿಮ್ಮ ದನಿಯಲ್ಲೇ ಗುರುತಿಸೋರು ಬೇಕು. ಆಫೀಸಿನಲ್ಲಿ ಇಂಗ್ಲಿಷ್ ಎಷ್ಟೇ ಚೆನ್ನಾಗಿ ಮಾತಾಡಿ, ಅಳು ಬರೋದು ಅಮ್ಮನ ಭಾಷೆಯಲ್ಲೇ.

ಮೊದಲ ಸೆಷನ್ ಆದ ಮೇಲೆ ಮನೆಗೆ ಬಂದು ನಿಮ್ಮನ್ನ ನೀವೇ ಕೇಳ್ಕೊಳ್ಳಿ. ನನ್ನ ಮಾತು ಪೂರ್ತಿ ಕೇಳಿಸ್ಕೊಂಡ್ರಾ? ನನ್ನ ಜಾತಿ, ಮದುವೆ, ಸಂಬಳದ ಬಗ್ಗೆ ತೀರ್ಪು ಕೊಟ್ರಾ? ಹೇಳಿದ್ದು ಗುಟ್ಟಾಗಿರುತ್ತೆ, ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಬೇರೆಯವರಿಗೆ ತಿಳಿಸ್ತೀವಿ ಅಂತ ಬಿಡಿಸಿ ಹೇಳಿದ್ರಾ? ಇದು ಅವರ ದೊಡ್ಡತನ ಅಲ್ಲ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮಗೆ ಕೊಟ್ಟಿರೋ ಹಕ್ಕು. ಐದೇ ಸೆಷನ್‌ನಲ್ಲಿ ಗ್ಯಾರಂಟಿ ಗುಣ ಅಂದ್ರೆ, ಇಪ್ಪತ್ತು ಸೆಷನ್‌ನ ದುಡ್ಡು ಈಗಲೇ ಕಟ್ಟಿ ಅಂದ್ರೆ, ಎದ್ದು ಬನ್ನಿ.

ಇನ್ನೊಂದು ಮಾತು. ಬೆಚ್ಚಗಿರೋದು ಅಂದ್ರೆ ನೀವು ಹೇಳಿದ್ದಕ್ಕೆಲ್ಲ ತಲೆ ಆಡಿಸೋದಲ್ಲ. ಒಳ್ಳೆ ಥೆರಪಿಸ್ಟ್ ನಿಮಗೆ ಇಷ್ಟ ಆಗದ ಪ್ರಶ್ನೆಯನ್ನೂ ಕೇಳ್ತಾರೆ. ಕೆಲವು ದಿನ ಹೋದಾಗಿಗಿಂತ ಭಾರವಾಗಿ ವಾಪಸ್ ಬರ್ತೀರಿ. ಹಾಗಾದ ತಕ್ಷಣ ಬಿಡಬೇಡಿ. ನೋಯಿಸೋ ಪ್ರಶ್ನೆಗೂ ಅವಮಾನಕ್ಕೂ ವ್ಯತ್ಯಾಸ ಇದೆ, ಅದು ನಿಮಗೆ ಗೊತ್ತಾಗುತ್ತೆ. ಹಾಗೇ, ಅವರು ನಿಮ್ಮ ಫ್ರೆಂಡ್ ಅಲ್ಲ. ರಾತ್ರಿ ಹನ್ನೆರಡಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಹರಟೆ ಹೊಡೆಯೋರು, ಹೊರಗೆ ಭೇಟಿ ಆಗೋಣ ಅನ್ನೋರು ಗಡಿ ದಾಟ್ತಿದ್ದಾರೆ ಅಂತ ಅರ್ಥ.

ದುಡ್ಡಿನ ಮಾತೂ ಆಡಲೇಬೇಕು. ಬೆಂಗಳೂರಿನ ಖಾಸಗಿ ಕ್ಲಿನಿಕ್‌ಗಳಲ್ಲಿ ಒಂದು ಸೆಷನ್‌ಗೆ ಸಾವಿರ, ಎರಡು ಸಾವಿರ ರೂಪಾಯಿ ಅನ್ನೋದು ಈಗ ಮಾಮೂಲಿ. ಎಲ್ಲರ ಕೈಲಾಗುತ್ತಾ? ಆಗಲ್ಲ. ಸರ್ಕಾರಿ ದಾರಿ ಇದೆ. ಬೆಂಗಳೂರಿನ ನಿಮ್ಹಾನ್ಸ್ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಜಿಲ್ಲಾ ಆಸ್ಪತ್ರೆಗೆ ಹೋಗಿ ಮಾನಸಿಕ ಆರೋಗ್ಯ ವಿಭಾಗ ಎಲ್ಲಿ ಅಂತ ಕೇಳಿ. ಕ್ಯೂ ಉದ್ದ ಇರುತ್ತೆ, ಡಾಕ್ಟ್ರಿಗೆ ಸಮಯ ಕಮ್ಮಿ ಇರುತ್ತೆ, ಅದನ್ನ ಮುಚ್ಚಿಡಲ್ಲ. ಸರ್ಕಾರ ಕೇಳಿಸ್ಕೊಳ್ತಿದ್ರೆ ಹೇಳ್ತೀನಿ: ಮನೋವೈದ್ಯರನ್ನ ನೇಮಿಸಿದ್ರೆ ಸಾಲದು, ಕೂತು ಮಾತು ಕೇಳೋ ಸೈಕಾಲಜಿಸ್ಟ್‌ಗಳೂ ಬೇಕು. ಅವರೂ ಐದು ನಿಮಿಷಕ್ಕೊಬ್ಬರನ್ನ ನೋಡ್ಬೇಕು ಅಂದ್ರೆ ಬೆಚ್ಚಗಿರೋದು ಹೇಗೆ?

ಇವತ್ತು ರಾತ್ರಿಯೇ ಯಾರ ಜೊತೆಯಾದ್ರೂ ಮಾತಾಡಬೇಕು ಅನ್ನಿಸಿದ್ರೆ 14416. ಟೆಲಿ ಮಾನಸ್, 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸೇವೆ. ದಿನದ 24 ಗಂಟೆ, ಪೂರ್ತಿ ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ಬದುಕೇ ಬೇಡ ಅನ್ನಿಸ್ತಿದ್ರೆ ಬೆಳಗಾಗೋವರೆಗೂ ಕಾಯಬೇಡಿ. ಪಕ್ಕದಲ್ಲಿರೋರನ್ನ ಎಬ್ಬಿಸಿ, ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ.

ನನ್ನ ಕಥೆ ಅರ್ಧಕ್ಕೆ ನಿಲ್ಲಿಸಿದ್ದೆ. ಎಂಟು ತಿಂಗಳಾದ ಮೇಲೆ ಸಹೋದ್ಯೋಗಿಯೊಬ್ಬಳು ಬಲವಂತ ಮಾಡಿ ಇನ್ನೊಬ್ಬರ ಹತ್ರ ಕಳಿಸಿದ್ಲು. ನಮ್ಮಮ್ಮನ ವಯಸ್ಸಿನವರು. "ಬನ್ನಿ, ಕೂತ್ಕೊಳ್ಳಿ. ಎಲ್ಲಿಂದ ಶುರು ಮಾಡಬೇಕು ಅನ್ನಿಸುತ್ತೋ ಅಲ್ಲಿಂದ ಹೇಳಿ" ಅಂದ್ರು. ನನಗೆ ಮಾತೇ ಬರ್ಲಿಲ್ಲ. ಎರಡು ಮೂರು ನಿಮಿಷ ಸುಮ್ನೆ ಕೂತಿದ್ದೆ. ಅವರೂ ಸುಮ್ನೆ ಕೂತಿದ್ರು, ಗಡಿಯಾರ ನೋಡ್ಲಿಲ್ಲ. ಆಮೇಲೆ ನಾನು ಒಂದೇ ಸಮ ಅತ್ತೆ. "ಇಷ್ಟು ದಿನ ಒಬ್ಬರೇ ಹೊತ್ಕೊಂಡಿದ್ರಲ್ಲ" ಅಂದ್ರು. ಒಂದೇ ದಿನದಲ್ಲಿ ಗುಣ ಆಗ್ಲಿಲ್ಲ. ಸುಮಾರು ಒಂದು ವರ್ಷ ಹೋದೆ, ನಡುವೆ ಮನೋವೈದ್ಯರು ಬರೆದುಕೊಟ್ಟ ಮಾತ್ರೆಯನ್ನೂ ತಗೊಂಡೆ. ಈಗಲೂ ಅಪರೂಪಕ್ಕೆ ಎದೆ ಹೊಡ್ಕೊಳ್ಳುತ್ತೆ. ಆದರೆ ಅದೇನು ಅಂತ ನನಗೆ ಗೊತ್ತು, ಏನು ಮಾಡಬೇಕು ಅಂತಲೂ ಗೊತ್ತು. ನಮ್ಮಮ್ಮ ಈಗ ಪಕ್ಕದ ಮನೆಯವರಿಗೆ ಹೇಳ್ತಾರೆ, "ಒಳ್ಳೆಯವರನ್ನ ನೋಡಿ ಹೋಗ್ರಿ, ಅದ್ರಲ್ಲಿ ನಾಚಿಕೆ ಏನು?" ಅಂತ.

ದಾವಣಗೆರೆ ಅಣ್ಣಾ, ನೀವು ನೋಡ್ತಿದ್ರೆ ಈ ಮಾತು ನಿಮಗೆ. ನಿಮ್ಮ ಅಳು ತಪ್ಪಲ್ಲ, ನೀವು ಹೋಗಿದ್ದೂ ತಪ್ಪಲ್ಲ. ಸಿಕ್ಕ ಮನುಷ್ಯ ಸರಿ ಇರಲಿಲ್ಲ, ಅಷ್ಟೇ. ಒಬ್ಬ ಹಲ್ಲಿನ ಡಾಕ್ಟ್ರು ಸರಿ ನೋಡ್ಲಿಲ್ಲ ಅಂತ ಹಲ್ಲುನೋವು ಇಟ್ಕೊಂಡೇ ಬದುಕ್ತೀವಾ? ಇನ್ನೊಬ್ಬರನ್ನ ಹುಡುಕ್ತೀವಿ. ಇನ್ನೊಂದು ಬಾಗಿಲು ತಟ್ಟಿ ನೋಡಿ ಅಣ್ಣಾ. ಅಲ್ಲೂ ಸರಿಯಾಗಲಿಲ್ಲ ಅಂದ್ರೆ ನಮ್ಮ ಆಫೀಸಿಗೆ ಮತ್ತೆ ಫೋನ್ ಮಾಡಿ. ಈ ಸಲ ನಾನೇ ಎತ್ಕೋತೀನಿ.