ಆಪ್ತವಾಕ್ಯವೆಂದರೇನು?

(ಮಹೋತ್ಸವದ ಶಿಕ್ಷಕರ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಪಾಠಶಾಲೆಯಲ್ಲಿ ತರ್ಕವನ್ನೋದುವಾಗ ನಮಗೆ ಶಬ್ದಪ್ರಮಾಣದ ಪಾಠವಾಗುತ್ತಿದ್ದಿತು. ಆಪ್ತನ ವಾಕ್ಯವು ಪ್ರಮಾಣ; ಇದ್ದುದನ್ನು ಇದ್ದಂತೆ ಹೇಳುವವನು ಆಪ್ತನು. ಲೋಕದ ಮಾತಿನಲ್ಲಿಯಾದರೋ ಆಪ್ತನೆಂದರೆ ನೆಂಟನು, ಗೆಳೆಯನು. ಈ ಎರಡು ಅರ್ಥಗಳನ್ನು ಬೆರಸಿದುದರಿಂದಲೇ ಇಂದು ದೊಡ್ಡ ಅನರ್ಥವೊದಗಿರುವುದು. ಮೊಬೈಲಿಗೆ ಬಂಧುವೊಬ್ಬನು ಸುದ್ದಿಯನ್ನು ಕಳುಹುವನು. ಕಳುಹಿದವನು ಬೇಕಾದವನಾದುದರಿಂದ ಸುದ್ದಿಯೂ ದಿಟವೆಂದು ನಂಬುವೆವು. ಅವನಿಗೆ ಅದು ಎಲ್ಲಿಂದ ಬಂದಿತೆಂದು ಕೇಳುವುದಿಲ್ಲ.

ಇದರ ಕಹಿಫಲವನ್ನು ಶರಣರ ಕಲ್ಯಾಣವಿರುವ ಬೀದರ ಜಿಲ್ಲೆಯೇ ಉಂಡಿತು. 2018ನೆಯ ಇಸವಿಯ ಜುಲೈ ತಿಂಗಳಲ್ಲಿ ಹೈದರಾಬಾದಿನಿಂದ ಬಂದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟುಗಳನ್ನು ಕೊಟ್ಟರು. ಮಕ್ಕಳ ಕಳ್ಳರೆಂಬ ಶಂಕೆ ಹುಟ್ಟಿತು. ವಾಟ್ಸ್‌ಆ್ಯಪಿನ ಸಂದೇಶವು ಅವರ ವಾಹನಕ್ಕಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಜನರು ಅಡ್ಡಗಟ್ಟಿ ಹೊಡೆದರು. ಒಬ್ಬ ತರುಣನು ಪ್ರಾಣವನ್ನೇ ನೀಗಿದನು.

ಆ ವರ್ಷ ದೇಶದ ಹಲವೆಡೆ ಇಂತಹ ಭಯವನ್ನು ಹರಡಿದ ವಿಡಿಯೋ ಒಂದು ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿಯೇ ನಿರ್ಮಿತವಾದುದು. ಎತ್ತಿಕೊಂಡು ಹೋದ ಮಗುವನ್ನು ಹಿಂದಕ್ಕೊಪ್ಪಿಸಿ ಎಚ್ಚರಿಕೆಯ ಫಲಕವನ್ನು ತೋರುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಕಣ್ಣಾರೆ ಕಂಡೆನೆಂದವನು ಕಂಡುದು ಅರ್ಧವನ್ನು ಮಾತ್ರ!

ಇದಕ್ಕೆ ಮದ್ದು ತರಗತಿಯಲ್ಲಿರುವುದು. ಕೇರಳದ ಕಣ್ಣೂರು ಜಿಲ್ಲೆಯಲ್ಲಿ ಅದೇ 2018ರಲ್ಲಿ ಸುಮಾರು 150 ಸರಕಾರಿ ಶಾಲೆಗಳಲ್ಲಿ ‘ಸತ್ಯಮೇವ ಜಯತೇ’ ಎಂಬ ಹೆಸರಿನಿಂದ ಸುಳ್ಳುಸುದ್ದಿಯನ್ನು ಗುರುತಿಸುವ ಪಾಠವು ನಡೆಯಿತು. ನಮ್ಮ ಉಪಾಧ್ಯಾಯರೂ ದಿನಕ್ಕೊಂದು ಸುದ್ದಿಯನ್ನೆತ್ತಿಕೊಂಡು ಮಕ್ಕಳಿಂದ ಮೂರು ಪ್ರಶ್ನೆಗಳನ್ನು ಕೇಳಿಸಲಿ: ಇದನ್ನು ಮೊದಲು ಹೇಳಿದವರಾರು? ಅವರು ಕಂಡು ಹೇಳಿದರೋ, ಕೇಳಿ ಹೇಳಿದರೋ? ಇದನ್ನು ನಂಬಿದರೆ ಯಾರಿಗೆ ಲಾಭ, ಯಾರಿಗೆ ಹಾನಿ?

ಆದರೆ ಇಷ್ಟೇ ಸಾಲದು. ಅಪರಿಚಿತನ ವಿಷಯದಲ್ಲಿ ಕೆಟ್ಟ ಸುದ್ದಿಯು ಬೇಗ ನಾಟುವುದು. ಪರಿಚಿತನ ವಿಷಯದಲ್ಲಿ ನಾಟದು. ಬೀದರ ಸೀಮೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಮನೆಮಾತಿನ ಮಕ್ಕಳು ಅಕ್ಕಪಕ್ಕದಲ್ಲಿ ಬೆಳೆಯುವರು. ಒಬ್ಬರ ಮನೆಯ ಊಟ, ಹಬ್ಬ, ನುಡಿಗಳನ್ನು ಮತ್ತೊಬ್ಬರು ಬಾಲ್ಯದಲ್ಲಿಯೇ ಅರಿತರೆ, ಮುಂದೆ ವದಂತಿಗೆ ಅವರ ಮನದಲ್ಲಿ ನೆಲೆಯಿಲ್ಲ. ಆದುದರಿಂದ ಸುದ್ದಿಯ ವಿವೇಕವೂ ನೆರೆಯವರ ಪರಿಚಯವೂ ಒಂದೇ ಪಾಠದ ಎರಡು ಭಾಗಗಳು.

ಪ್ರಶ್ನಿಸಲು ಕಲಿತ ಮಕ್ಕಳು ಹಿರಿಯರನ್ನೂ ಪ್ರಶ್ನಿಸಿಯಾರೆಂದು ಕೆಲವರು ಅಂಜುವರು. ಪ್ರಶ್ನಿಸಲಿ! ಅನುಭವಮಂಟಪವು ಪ್ರಶ್ನೋತ್ತರಗಳಿಂದಲೇ ಬೆಳಗಿದುದಲ್ಲವೇ? ಅಲ್ಲಿಗೆ ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನವರು ಬಂದರೆಂಬುದು ನಮ್ಮ ಪರಂಪರೆಯ ನಂಬುಗೆ. ದೂರದೇಶದಿಂದ ಬಂದವನನ್ನು ಯಾರೆಂದು ಕೇಳಿ, ಅರಿತು, ನಮ್ಮವನೆಂದ ನೆಲವಿದು. ಆ ನೆಲದಲ್ಲಿ ದಾರಿಹೋಕನೊಬ್ಬನು ಕೇಳುವವರಿಲ್ಲದೆ ಸತ್ತನು. ಅವನ ವಿಷಯವಾಗಿ ಒಂದೇ ಒಂದು ಪ್ರಶ್ನೆಯನ್ನು ಕೇಳಿದ್ದರೆ ಅವನು ಬದುಕುತ್ತಿದ್ದನು.

ಆ ಪ್ರಶ್ನೆಯನ್ನು ಕೇಳುವ ಮಕ್ಕಳನ್ನು ನಮ್ಮ ಶಾಲೆಗಳು ಬೆಳೆಸಲೆಂದು ಪ್ರಾರ್ಥಿಸಿ ವಿರಮಿಸುವೆನು.